ಮೋನುವಿನ ಮೆಡಿಕಲ್

"ರಾಜೀವೀ, ನಮ್ಮ ಮೋನುವಿಗೆ ಮೆಡಿಕಲ್ ಅಂತೆ!" ಎಂದು ರುಕಿಯಮ್ಮ ನಮ್ಮ ಬಾಗಿಲಲ್ಲೇ ಕುಸಿದು ಕುಳಿತಳು. ಒಂದು ಚಪ್ಪಲಿ ಕಾಲಲ್ಲಿತ್ತು, ಇನ್ನೊಂದು ಲಿಫ್ಟಿನ ಹತ್ತಿರ ಬಿದ್ದಿತ್ತು.

ರುಕಿಯಮ್ಮ ಉಪ್ಪಿನಂಗಡಿ ಕಡೆಯ ಬ್ಯಾರಿ ಹೆಂಗಸು. ನಾನು ಮುಲ್ಕಿಯವಳು. ಗಲ್ಫಿನ ರಿಫಾ ಪೇಟೆಯ ಈ ಕಟ್ಟಡಕ್ಕೆ ಅವಳು ಮಗನ ಬೆನ್ನಿಗೆ ಬಂದಳು, ನಾನು ಮಗಳ ಬೆನ್ನಿಗೆ. ಇಬ್ಬರಿಗೂ ತುಳು ಬರುತ್ತದೆಂದು ಗೊತ್ತಾದ ದಿನದಿಂದ ಮಕ್ಕಳಿಗೆ ನಮ್ಮ ಕಾಟ ಅರ್ಧಕ್ಕರ್ಧ ಇಳಿದುಹೋಯಿತು.

ಮೋನು ಎಂದರೆ ಬ್ಯಾರಿ ಮಾತಿನಲ್ಲಿ ಮಗ, ಮುದ್ದು ಹುಡುಗ. ಆದರೆ ರುಕಿಯಮ್ಮನ ಬಾಯಲ್ಲಿ ಈಗ ಮೋನು ಎಂದರೆ ಒಂದು ಹೋರಿ. ಅವಳ ನಿಜವಾದ ಮಗ ಮುಹಮ್ಮದ್ ಶರೀಫ್, ರಿಫಾದ ಆಚೆ ಒಬ್ಬ ಅರಬನ ದನದ ಫಾರ್ಮ್ ನೋಡಿಕೊಳ್ಳುತ್ತಿದ್ದ. ಯಜಮಾನನನ್ನು ಅಲ್ಲಿ ಎಲ್ಲರೂ ಅರ್ಬಾಬ್ ಎನ್ನುತ್ತಿದ್ದರು, ನಾವೂ ಹಾಗೇ ಎನ್ನುತ್ತಿದ್ದೆವು. ಅರ್ಬಾಬನಿಗೆ ಒಳ್ಳೆಯ ಮಾಂಸದ ತಳಿಯನ್ನು ತಾನೇ ಬೆಳೆಸಬೇಕೆಂಬ ಹುಚ್ಚು. ಹಡಗಿನಲ್ಲಿ ಗಬ್ಬದ ದನಗಳನ್ನು ತರಿಸಿದ. ಹಿದ್ ಬಂದರಿನಿಂದ ಇಳಿಸಿಕೊಂಡು ಬಂದ ಸ್ವಲ್ಪ ಸಮಯದಲ್ಲೇ ಅವು ಒಂದರ ಹಿಂದೆ ಒಂದು ಕರು ಹಾಕಿದವು. ಅದರಲ್ಲಿ ಒಂದು ದನ ಕರು ಹಾಕಿ ಸತ್ತುಹೋಯಿತು. ಕರು ಬಾಟಲಿಯ ಹಾಲನ್ನು ಮೂಸಿಯೂ ನೋಡಲಿಲ್ಲ. ಶರೀಫ್ ಏನು ಮಾಡುವುದೆಂದು ತಿಳಿಯದೆ ತಾಯಿಯನ್ನು ಕರೆದುಕೊಂಡು ಹೋದ. ರುಕಿಯಮ್ಮ ತನ್ನ ಬೆರಳನ್ನು ಹಾಲಿಗದ್ದಿ ಅದರ ಬಾಯಿಗೆ ಕೊಟ್ಟಳು. ಆ ಕರುವೇ ಮೋನು.

ಅಂದಿನಿಂದ ಅವಳು ಫಾರ್ಮಿನಲ್ಲಿ ನಿಂತು "ಮೋನೇ" ಎಂದು ಕೂಗಿದರೆ ಮಗನೂ ತಿರುಗಿ ನೋಡುತ್ತಿದ್ದ, ಹೋರಿಯೂ ತಿರುಗಿ ನೋಡುತ್ತಿತ್ತು. ಮೊದಲು ಓಡಿ ಬರುತ್ತಿದ್ದದ್ದು ಹೋರಿ.

ಈಗ ಮೋನುವಿಗೆ ವರ್ಷ ತುಂಬಿ ಸ್ವಲ್ಪ ದಿನವಾಗಿತ್ತು. ಕೆಂಪು ಮೈ, ಬಿಳಿ ಮುಖ, ಕಣ್ಣಿನ ಸುತ್ತ ಮಾತ್ರ ಕಾಡಿಗೆ ಹಚ್ಚಿದ ಹಾಗೆ ಕಪ್ಪು.

"ಹೋರಿಗೆ ಎಂತದ್ದು ಮೆಡಿಕಲ್? ಅದಕ್ಕೆ ವೀಸಾ ಮಾಡಿಸ್ತಾರಾ?" ಎಂದು ಕೇಳಿದೆ.

"ತಮಾಷೆ ಬೇಡ ಮಾರಾಯ್ತಿ. ಸ್ಕ್ಯಾನಿಂಗ್ ಮಾಡ್ತಾರಂತೆ."

ನನಗೆ ನಗು ತಡೆಯಲಿಲ್ಲ. ನಮ್ಮ ಕಡೆ ಯಾರಾದರೂ ಸ್ಕ್ಯಾನಿಂಗ್‌ಗೆ ಹೋದರು ಎಂದರೆ ಅದಕ್ಕೆ ಇರುವುದು ಒಂದೇ ಅರ್ಥ. ಆಮೇಲೆ ಸೀಮಂತದ ಸೀರೆಯ ಮಾತೇ. "ಗಂಡು ಹೋರಿಗೆ ಸ್ಕ್ಯಾನಿಂಗಾ? ಎಷ್ಟು ತಿಂಗಳಂತೆ?"

"ನೀನು ನಗಾಡು. ಹೊಟ್ಟೆಗಲ್ಲ, ಬೆನ್ನಿಗೆ ಮಾಡುವುದು. ಚರ್ಮದ ಒಳಗೆ ಮಾಂಸ ಎಷ್ಟು ಉಂಟು, ಕೊಬ್ಬು ಎಷ್ಟು ಉಂಟು ಅಂತ ಜೀವ ಇರುವಾಗಲೇ ಟೀವಿಯಲ್ಲಿ ಕಾಣ್ತದಂತೆ. ಎಂಟು ಹೋರಿಗೂ ಮಾಡಿ, ಒಂದನ್ನು ಇಟ್ಕೊಂಡು, ಬಾಕಿ ಎಲ್ಲ ಬಕ್ರೀದಿನ ಮೊದಲು ಕಳಿಸ್ತಾರಂತೆ. ಶರೀಫ್ ಹೇಳಿದ."

ಎಲ್ಲಿಗೆ ಕಳಿಸುತ್ತಾರೆ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ನಾನು ದನದ ಮಾಂಸ ತಿನ್ನುವವಳಲ್ಲ, ಅವಳು ತಿನ್ನುವವಳು. ಅಷ್ಟು ವರ್ಷದ ಗೆಳೆತನದಲ್ಲಿ ಆ ಮಾತು ನಮ್ಮ ನಡುವೆ ಬಂದದ್ದೇ ಇಲ್ಲ. ಅವಳು ನನ್ನ ಮನೆಗೆ ತರುತ್ತಿದ್ದದ್ದು ಪತ್ತಿರಿ ರೊಟ್ಟಿ ಮತ್ತು ತೆಂಗಿನ ಹಾಲು. ಆದರೆ ಬೆರಳು ಚೀಪಿಸಿ ಬೆಳೆಸಿದ, ಹೆಸರಿಟ್ಟು ಕರೆದ ಒಂದು ಪ್ರಾಣಿಯ ವಿಷಯ ಬಂದಾಗ ಇಬ್ಬರದೂ ಒಂದೇ ಪಕ್ಷ.

"ಯಾವ ಒಂದನ್ನು ಇಟ್ಕೊಳ್ತಾರಂತೆ?"

ರುಕಿಯಮ್ಮ ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದಳು. "ಮಾಂಸ ನೋಡುವ ಮಿಷನ್ ತರುವುದು ಎಂತಕ್ಕೆ? ಮಾಂಸ ಒಳ್ಳೆದಿದ್ದದ್ದು ಮಾಂಸಕ್ಕೆ ಹೋಗ್ತದೆ. ಇಲ್ಲದ್ದು ಉಳೀತದೆ. ಅನ್‌ಫಿಟ್ ಆದದ್ದು."

ಅನ್‌ಫಿಟ್ ಎಂಬ ಮಾತನ್ನು ಅವಳು ಸಕ್ಕರೆಯ ಹಾಗೆ ಹೇಳಿದಳು. ಅದಕ್ಕೊಂದು ಕಾರಣ ಉಂಟು. ಗಲ್ಫಿಗೆ ಹೊರಟವರೆಲ್ಲ ಮೊದಲು ಮೆಡಿಕಲ್‌ಗೆ ನಿಲ್ಲಬೇಕು. ಫಿಟ್ ಆದವನು ವಿಮಾನ ಹತ್ತುತ್ತಾನೆ, ಅನ್‌ಫಿಟ್ ಆದವನು ಮನೆಗೆ ವಾಪಸು. ಉಳಿದವರೆಲ್ಲ ಆ ಮಾತು ಕೇಳಿದರೆ ತಲೆ ಚಚ್ಚಿಕೊಳ್ಳುತ್ತಾರೆ. ರುಕಿಯಮ್ಮನ ಗಂಡ ಅಹ್ಮದ್ ಕುಂಞಿ ಮದುವೆಯಾದ ಹೊಸತರಲ್ಲಿ ಬೊಂಬಾಯಿಗೆ ಹೋಗಿ ಮೆಡಿಕಲ್‌ಗೆ ನಿಂತಾಗ ಎಕ್ಸ್‌ರೇಯಲ್ಲಿ ಎದೆಯ ಹತ್ತಿರ ಒಂದು ಕಲೆ ಕಂಡಿತು. ಅನ್‌ಫಿಟ್. ಊರಿಗೆ ಬಂದು ತೋರಿಸಿದರೆ ಡಾಕ್ಟರು ಕಲೆಯೂ ಇಲ್ಲ, ಗಿಲೆಯೂ ಇಲ್ಲ ಎಂದರು. ಅಷ್ಟರಲ್ಲಿ ವೀಸಾ ಹೋಗಿತ್ತು. ಅಹ್ಮದ್ ಕುಂಞಿ ಪೇಟೆಯಲ್ಲಿ ಕೊಡೆ ರಿಪೇರಿಯ ಅಂಗಡಿ ಇಟ್ಟ, ಸಾಯುವವರೆಗೂ ಹೆಂಡತಿಯ ಜೊತೆಗೇ ಇದ್ದ. "ನಮ್ಮ ಓಣಿಯಲ್ಲಿ ಗಂಡ ಮನೆಯಲ್ಲೇ ಇದ್ದವಳು ಅಂದ್ರೆ ನಾನೊಬ್ಬಳೇ," ಎಂದು ಹೇಳುವಾಗ ಈಗಲೂ ಅವಳ ಮುಖ ಕೆಂಪಾಗುತ್ತಿತ್ತು.

ಹೀಗಾಗಿ ಅನ್‌ಫಿಟ್ ಆದವನು ಉಳಿದ ಎಂಬುದು ಅವಳಿಗೆ ಗಂಟು ಹಾಕಿಟ್ಟ ಸತ್ಯ. ನಾನೂ ತಿರುಗಿಸಿ ಮುರುಗಿಸಿ ನೋಡಿದೆ. ಆ ಮಾತಿನಲ್ಲಿ ನನಗೆ ಎಲ್ಲಿಯೂ ತೂತು ಕಾಣಲಿಲ್ಲ.

"ಹಾಗಾದ್ರೆ ಕುಳಿತು ಅಳುವುದು ಎಂತಕ್ಕೆ?" ಎಂದೆ. "ಅನ್‌ಫಿಟ್ ಮಾಡುವ."

ಮಾಡುವ ಎಂದದ್ದು ಸುಲಭವಾಯಿತು. ರುಕಿಯಮ್ಮನ ಮನೆಗೆ ಗ್ಯಾಸ್ ಸಿಲಿಂಡರ್ ತರುವವನು ಕೂಡ ಎರಡನೇ ಸಲ ಬಡಿಸಿಕೊಳ್ಳದೆ ಎದ್ದು ಹೋದವನಲ್ಲ. ಅಂಥವಳು ಈಗ ಒಂದು ಬಾಯಿಯನ್ನು ಖಾಲಿ ಇಡಬೇಕು.

ಬೆಳಿಗ್ಗೆ ಶರೀಫ್‌ನ ಪಿಕಪ್‌ನಲ್ಲಿ ಇಬ್ಬರೂ ಫಾರ್ಮಿಗೆ ಹೋಗಲು ಶುರುಮಾಡಿದೆವು. ಸಾಲಾಗಿ ತಲೆ ತೂಗುತ್ತ ನೆಲದಿಂದ ಎಣ್ಣೆ ಎತ್ತುವ ಪಂಪುಗಳನ್ನು ದಾಟಿದರೆ ತಗಡಿನ ಮಾಡು, ಅದರ ಕೆಳಗೆ ದೊಡ್ಡ ದೊಡ್ಡ ಫ್ಯಾನುಗಳು, ಕಬ್ಬಿಣದ ಬೇಲಿ. ಹೋರಿಗಳಿಗೆ ಹಿಂಡಿ ಹಾಕುವ ಹೊತ್ತಿಗೆ ರುಕಿಯಮ್ಮ ಬೇಲಿಯ ಸಂದಿನಿಂದ ಕೈ ಹಾಕಿ ಮೋನುವಿನ ಮೂತಿಯನ್ನು ಬಾನಿಯಿಂದ ಈಚೆಗೆ ತಿರುಗಿಸುತ್ತಿದ್ದಳು. ಅದು ಅವಳ ಕೈಯನ್ನು ನೆಕ್ಕಿ, ಕಣ್ಣು ಅರಳಿಸಿ ನೋಡುತ್ತಿತ್ತು.

"ನೋಡು ಹೇಗೆ ನೋಡ್ತಾನೆ. ಉಮ್ಮಾ ನಿನಗೆ ಎಂತ ಮರುಳಾ ಅಂತ ಕೇಳುವ ಹಾಗೆ ಉಂಟು."

"ನೀನು ಆ ಕಡೆ ತಿರುಗಿ ನಿಲ್ಲು," ಎಂದೆ.

ಆ ಕಡೆ ತಿರುಗಿ ನಿಂತಳು. ಕೈ ಮಾತ್ರ ಹಿಂದಿನಿಂದ ಬೇಲಿಯೊಳಗೆ ಹೋಯಿತು. ನೋಡಿದರೆ ಅಂಗೈಯಲ್ಲಿ ಖರ್ಜೂರ.

"ರುಕಿಯಾ!"

"ಒಂದೇ ಒಂದು. ಖರ್ಜೂರದಲ್ಲಿ ಕೊಬ್ಬು ಇಲ್ಲ, ಬೇಕಾದ್ರೆ ಡಾಕ್ಟ್ರ ಹತ್ರ ಕೇಳು."

ಉಪವಾಸದಿಂದ ಇದು ಆಗುವ ಕೆಲಸವಲ್ಲ ಎಂದು ನನಗೆ ಖಚಿತವಾಯಿತು. ನನ್ನ ಮಗಳು ರಂಜನಾ ಕೊಬ್ಬು ಇಳಿಯಲಿ ಎಂದು ಸಂಜೆ ಹೊತ್ತು ರಿಫಾದ ಪಾರ್ಕಿನಲ್ಲಿ ಸುತ್ತು ಹಾಕುತ್ತಿದ್ದಳು. ಉದ್ದದ ಕಪ್ಪು ಅಬಾಯಾದ ಕೆಳಗೆ ಸ್ಪೋರ್ಟ್ಸ್ ಶೂ ಹಾಕಿಕೊಂಡು ಅಲ್ಲಿ ಅರಬ್ ಹೆಂಗಸರೂ ಬೀಸುಗಾಲಿನಲ್ಲಿ ನಡೆಯುತ್ತಿದ್ದರು. ನಡಿಗೆಯಿಂದ ಮನುಷ್ಯರ ಕೊಬ್ಬು ಇಳಿದರೆ ಹೋರಿಯದು ಯಾಕೆ ಇಳಿಯಬಾರದು? ಮೋನುವಿನ ಕೊರಳಿಗೆ ಹಗ್ಗ ಹಾಕಿ ಹೊರಗೆ ತಂದೆವು. ಮೊದಲು ಅದು ನಮ್ಮನ್ನು ಎಳೆಯಿತು. ಆಮೇಲೆ ನಾವು ಅದನ್ನು ಎಳೆದೆವು. ಕೆಲವು ಬೆಳಗು ಕಳೆದ ಮೇಲೆ ಎಳೆಯುವವರು ಯಾರೂ ಉಳಿಯಲಿಲ್ಲ. ಹಗ್ಗ ಸಡಿಲವಾಗಿ ನೇತಾಡುತ್ತಿತ್ತು, ರುಕಿಯಮ್ಮ ಮುಂದೆ, ಅವಳ ಬಟ್ಟೆಯ ಚೀಲಕ್ಕೆ ಮೂಗು ತಾಗಿಸಿಕೊಂಡು ಮೋನು, ಹಿಂದೆ ನಾನು.

ಶರೀಫ್ ನೋಡಿಯೂ ನೋಡದ ಹಾಗೆ ಇದ್ದವನು ಒಂದು ದಿನ ಅಡ್ಡ ಬಂದು ನಿಂತ.

"ಉಮ್ಮಾ, ಎಂತ ಇದು ಮೆರವಣಿಗೆ?"

"ನಂಗೆ ಶುಗರ್ ಉಂಟು. ಡಾಕ್ಟ್ರು ನಡೀಲಿಕ್ಕೆ ಹೇಳಿದ್ದಾರೆ."

"ಹೋರಿಗೂ ಶುಗರಾ?"

"ಅವನು ಕಂಪೆನಿಗೆ," ಎಂದಳು ರುಕಿಯಮ್ಮ.

ಶರೀಫ್ ನನ್ನ ಮುಖ ನೋಡಿದ. ನಾನು ಎಣ್ಣೆ ಪಂಪು ನೋಡಿದೆ.

ಮಧ್ಯದಲ್ಲಿ ರುಕಿಯಮ್ಮನಿಗೆ ಬೇರೆ ಬೇರೆ ಯೋಚನೆಗಳೂ ಬಂದವು. ಕೆಮ್ಮುವವರನ್ನು ಮೆಡಿಕಲ್‌ನಲ್ಲಿ ಪಾಸು ಮಾಡುವುದಿಲ್ಲ, ಅವನಿಗೆ ಒಂದು ಕೆಮ್ಮು ಕಲಿಸಿದರೆ ಹೇಗೆ ಎಂದು ಕೇಳಿದಳು. ತಾನೇ ಅವನೆದುರು ನಿಂತು ಕೆಮ್ಮಿಯೂ ತೋರಿಸಿದಳು. ಮೋನು ಕೇಳುವಷ್ಟು ಕೇಳಿ, ಅವಳ ಸೆರಗನ್ನು ಬಾಯಿಗೆ ಹಾಕಿಕೊಂಡು ಜಗಿಯಿತು.

ಸ್ಕ್ಯಾನಿಂಗ್ ಮಾಡಲು ಬಂದವಳು ದಾವಣಗೆರೆಯ ಹುಡುಗಿ, ಹೆಸರು ಸ್ಪಂದನಾ. ಪಶುವೈದ್ಯ ಓದಿದವಳು, ಟುಬ್ಲಿಯ ಒಂದು ಪ್ರಾಣಿ ಆಸ್ಪತ್ರೆಯಲ್ಲಿ ಕೆಲಸ. ಕೂದಲನ್ನು ಮೇಲೆ ಗಂಟು ಕಟ್ಟಿ, ಮೊಣಕಾಲಿನವರೆಗೆ ಬೂಟು ಹಾಕಿಕೊಂಡು ವ್ಯಾನಿನಿಂದ ಇಳಿದಳು. ನಾವಿಬ್ಬರು ತುಳುವಿಗೆ ಕನ್ನಡ ಬೆರೆಸಿ ಪಿಸುಗುಡುವುದು ಕೇಳಿಸಿ ಅವಳ ಮುಖ ಹೂವಾಯಿತು.

"ಅಯ್ಯೋ ಆಂಟಿ, ಕನ್ನಡದೋರಾ! ಇಲ್ಲಿಗೆ ಬರೋವಾಗ ಎಲ್ಲಾ ಹಿಂದೀಲಿ ಪ್ರಾಕ್ಟೀಸ್ ಮಾಡ್ಕೊಂಡು ಬಂದಿದ್ದೆ, ವೇಸ್ಟ್ ಆಯ್ತು."

"ವೇಸ್ಟ್ ಎಂತಕ್ಕೆ? ಅದನ್ನು ಅರ್ಬಾಬನ ಹತ್ರ ಮಾತಾಡು," ಎಂದಳು ರುಕಿಯಮ್ಮ. ಅವಳ ದನಿಯಲ್ಲಿ ಪ್ರೀತಿ ಇರಲಿಲ್ಲ. ಮೆಡಿಕಲ್ ಮಾಡುವವರ ಮೇಲೆ ಪ್ರೀತಿ ಹೇಗೆ ಬರಬೇಕು?

ಅರ್ಬಾಬ್ ಫ್ಯಾನಿನ ಕೆಳಗೆ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದ. ಒಳ್ಳೆಯ ಮನುಷ್ಯ, ಹೊಟ್ಟೆ ಮುಂದೆ, ನಗು ಅದಕ್ಕಿಂತ ಮುಂದೆ. ಹೋರಿ ಒಳಗೆ ಹೋದ ಮೇಲೆ ಮುಂದೂ ಹಿಂದೂ ಮುಚ್ಚುವ ಒಂದು ಕಬ್ಬಿಣದ ಕಟಕಟೆ ಇತ್ತು. ಮೊದಲನೆಯ ಹೋರಿಯನ್ನು ಅದರೊಳಗೆ ನಿಲ್ಲಿಸಿದರು. ಸ್ಪಂದನಾ ಅದರ ಬೆನ್ನ ಮೇಲೆ, ಕೊನೆಯ ಪಕ್ಕೆಲುಬುಗಳ ಹತ್ತಿರ, ಅಂಗೈಯಗಲ ಕೂದಲು ಬೋಳಿಸಿದಳು. ಅಡುಗೆ ಎಣ್ಣೆ ಸುರಿದು ತಿಕ್ಕಿದಳು. ಇಸ್ತ್ರಿ ಪೆಟ್ಟಿಗೆಯ ಹಿಡಿಯಷ್ಟು ದೊಡ್ಡದಾದ ಒಂದು ತುಂಡನ್ನು ಅದರ ಮೇಲೆ ಒತ್ತಿ ಹಿಡಿದಳು. ಪಕ್ಕದಲ್ಲಿದ್ದ ಸಣ್ಣ ಟೀವಿಯಲ್ಲಿ ಬೂದಿ ಬಣ್ಣದ ಮೋಡ ಕಾಣಿಸಿತು.

"ನೋಡಿ ಆಂಟಿ, ಇಲ್ಲಿ ಕೋಳಿಮೊಟ್ಟೆ ಅಡ್ಡ ಮಲಗಿಸಿದ ಹಾಗೆ ಕಾಣ್ತಿದೆಯಲ್ಲ? ಅದೇ ಬೆನ್ನಿನ ಮಾಂಸ. ನಾವು ಅದನ್ನ ಕಣ್ಣು ಅಂತೀವಿ. ಮೇಲಿನ ಬಿಳೀ ಗೆರೆ ಕೊಬ್ಬು. ಮಾಂಸದ ಒಳಗೆ ಚುಕ್ಕಿ ಚುಕ್ಕಿ ಇರೋದೂ ಕೊಬ್ಬೇ, ಆದ್ರೆ ಅದು ರುಚಿ ಕೊಡೋ ಕೊಬ್ಬು."

"ಹೌದು ಹೌದು," ಎಂದೆ. ರಂಜನಾಳ ಮೊದಲ ಬಸಿರಿನ ಸ್ಕ್ಯಾನಿಂಗ್ ಚಿತ್ರ ತೋರಿಸಿದಾಗಲೂ ನಾನು ಹೀಗೇ ಹೌದು ಹೌದು, ಮೂಗು ಅಪ್ಪನದೇ ಎಂದಿದ್ದೆ. ಆಗಲೂ ನನಗೆ ಮೋಡವೇ ಕಂಡದ್ದು.

ರುಕಿಯಮ್ಮ ಮೆಲ್ಲನೆ ಹತ್ತಿರ ಸರಿದಳು. ಏನೂ ಅರಿಯದವಳ ಹಾಗೆ ಕೇಳಿದಳು. "ಅಲ್ಲ ಮಗಳೇ, ಅನ್‌ಫಿಟ್ ಆದದ್ದು ಯಾವುದೂಂತ ಇವತ್ತೇ ಗೊತ್ತಾಗ್ತದಾ?"

"ಅನ್‌ಫಿಟ್ಟಾ? ಹಂಗೇನಿಲ್ಲ ಆಂಟಿ. ನಾವು ನೋಡ್ತಿರೋದು ಬೆಸ್ಟ್ ಯಾವುದು ಅಂತ."

"ಅದೇ. ಬೆಸ್ಟ್ ಆದದ್ದು ಹೋಗ್ತದಲ್ಲ?"

"ಎಲ್ಲಿಗೆ?"

ರುಕಿಯಮ್ಮ ಬಾಯಿಂದ ಹೇಳಲಾರದೆ ಕತ್ತಿನ ಹತ್ತಿರ ಬೆರಳು ಆಡಿಸಿದಳು. ಸ್ಪಂದನಾ ಜೋರಾಗಿ ನಕ್ಕಳು. ಕಟಕಟೆಯ ಹೋರಿ ಬೆಚ್ಚಿತು.

"ಏ, ಬೆಸ್ಟ್ ಆಗಿರೋನನ್ನ ಯಾರಾದ್ರೂ ಕಡೀತಾರಾ ಆಂಟಿ? ಅವನನ್ನ ತಳಿಗೆ ಇಟ್ಕೋತಾರೆ. ಮುಂದೆ ಇಲ್ಲಿ ಹುಟ್ಟೋ ಕರುಗಳಿಗೆಲ್ಲ ಅವನೇ ಅಪ್ಪ. ಮೊದಲೆಲ್ಲ ಒಳಗೆ ಮಾಂಸ ಹೆಂಗಿದೆ ಅಂತ ನೋಡ್ಬೇಕಂದ್ರೆ ಕಡಿದೇ ನೋಡ್ಬೇಕಿತ್ತು. ಕಡಿದಾದ್ಮೇಲೆ ಅಯ್ಯೋ, ಇದು ಎಷ್ಟು ಚೆನ್ನಾಗಿತ್ತು ಅಂದ್ರೆ ಅದರ ಕರು ಎಲ್ಲಿಂದ ತರ್ತೀರಿ? ಅದಕ್ಕೇ ಈ ಮಷೀನು. ಚೆನ್ನಾಗಿರೋನು ಉಳೀತಾನೆ. ಬಾಕಿ ಏಳು ಹೋಗುತ್ತೆ."

ರುಕಿಯಮ್ಮ ನನ್ನ ಕಡೆ ತಿರುಗಿದಳು. ಅವಳ ಮುಖ ನೋಡಿ ನಾನು ಕೈ ಹಿಡಿದುಕೊಂಡೆ.

"ರಾಜೀವೀ, ನಾವು ಅವನನ್ನು ಉಪವಾಸ ಹಾಕಿದ್ದಲ್ಲ?"

"ಪೂರ್ತಿ ಎಲ್ಲಿ ಹಾಕಿದ್ದು? ನೀನು ಖರ್ಜೂರ ಕೊಟ್ಟಿದ್ದಿ."

"ಎಷ್ಟು ಕೊಟ್ಟೆ? ಒಂದು ಮುಷ್ಟಿ! ನೀನು ನೋಡುವಾಗ ಒಂದೇ ಒಂದು!" ಎಂದು ಚೀಲಕ್ಕೆ ಕೈ ಹಾಕಿದಳು. ಸಾಲಿನಲ್ಲಿ ಮೂರನೆಯದಾಗಿ ನಿಂತಿದ್ದ ಮೋನುವಿನ ಬಳಿ ಓಡಿ, ಇದ್ದಷ್ಟು ಖರ್ಜೂರವನ್ನು ಅದರ ಬಾಯಿಗೆ ತುರುಕಲು ಶುರುಮಾಡಿದಳು.

"ಆಂಟಿ, ಈಗ ತಿನ್ನಿಸಿದ್ದು ಹೊಟ್ಟೆಗೆ ಹೋಗುತ್ತೆ, ಬೆನ್ನಿಗಲ್ಲ!" ಎಂದು ಸ್ಪಂದನಾ ಕೂಗಿದಳು.

"ಬೆನ್ನಿಗೆ ಹೋಗ್ಲಿಕ್ಕೆ ಎಷ್ಟು ಹೊತ್ತು ಬೇಕು?"

"ತಿಂಗಳುಗಟ್ಟಲೆ!"

ಶರೀಫ್‌ಗೆ ಆಗಲೇ ಎಲ್ಲ ಹೊಳೆದಿತ್ತು. "ಅದಕ್ಕಾ ಶುಗರ್? ಅದಕ್ಕಾ ವಾಕಿಂಗ್? ಉಮ್ಮಾ, ನನ್ನ ಹತ್ರ ಒಂದು ಮಾತು ಕೇಳಬಾರದಿತ್ತಾ?"

"ನೀನು ಒಂದನ್ನು ಇಟ್ಕೊಳ್ತಾರೆ ಅಂತ ಹೇಳಿದವ ಫೋನು ಕಿವಿಗೆ ಹಚ್ಚಿಕೊಂಡು ಹೋದಿ. ಬಾಕಿದ್ದು ಯಾರ ಹತ್ರ ಕೇಳುವುದು, ಹೋರಿ ಹತ್ರವಾ?"

ಅರ್ಬಾಬ್ ಏನಾಯಿತೆಂದು ಕೇಳಿದ್ದಕ್ಕೆ ಶರೀಫ್ ಅರಬ್ಬಿಯಲ್ಲಿ ಏನೋ ಹೇಳಿದ. ಏನು ಹೇಳಿದನೋ, ಅರ್ಬಾಬ್ ನಮ್ಮಿಬ್ಬರಿಗೂ ಚಹಾ ಕಳಿಸಿದ. ಕುಡಿಯುವ ಮನಸ್ಸು ಯಾರಿಗಿತ್ತು?

ಮೋನುವಿನ ಸರದಿ ಬಂತು. ಮೊದಲಿನ ಎರಡನ್ನು ಒಳಗೆ ತಳ್ಳಲು ಇಬ್ಬರು ಮೂವರು ಸೇರಬೇಕಾಗಿತ್ತು. ರುಕಿಯಮ್ಮ ಕಟಕಟೆಯ ಆಚೆ ತುದಿಯಲ್ಲಿ ನಿಂತು "ಬಾ ಮೋನೇ" ಎಂದಳು. ಅದು ಮನೆಯ ಹೊಸ್ತಿಲು ದಾಟುವ ಅಳಿಯನ ಹಾಗೆ ನಿಧಾನಕ್ಕೆ ಒಳಗೆ ಬಂದು, ಕತ್ತು ಚಾಚಿ, ಅವಳ ಚೀಲಕ್ಕೆ ಮೂಗಿಟ್ಟು ನಿಂತಿತು. ಬೋಳಿಸುವಾಗಲೂ ಅಲ್ಲಾಡಲಿಲ್ಲ, ಎಣ್ಣೆ ಹಾಕುವಾಗ ಕಣ್ಣು ಮುಚ್ಚಿಕೊಂಡಿತು. ಸ್ಪಂದನಾ ಒಂದೇ ಸಲಕ್ಕೆ ಚಿತ್ರ ಹಿಡಿದಳು.

"ಹೇಗುಂಟು?"

"ಚೆನ್ನಾಗಿದೆ ಆಂಟಿ."

"ಚೆನ್ನಾಗಿ ಅಂದ್ರೆ ಎಷ್ಟು ಚೆನ್ನಾಗಿ?"

"ಇನ್ನೂ ಐದು ಬಾಕಿ ಇದೆಯಲ್ಲ. ತಾಳಿ."

ತಾಳಿದೆವು. ಚಹಾ ಆರಿ ಕೆನೆ ಕಟ್ಟಿತು. ಒಂದೊಂದು ಹೋರಿ ಹೊರಗೆ ಬಂದಾಗಲೂ ರುಕಿಯಮ್ಮ ಹುಬ್ಬಿನಲ್ಲೇ ಕೇಳುತ್ತಿದ್ದಳು. ಸ್ಪಂದನಾ ಹೆಬ್ಬೆರಳಿನಿಂದ ಮೋನುವಿನ ಕಡೆ ತೋರಿಸುತ್ತಿದ್ದಳು. ಇನ್ನೂ ಅವನೇ ಮುಂದೆ, ಈಗಲೂ ಅವನೇ ಮುಂದೆ. ಕೊನೆಗೆ ಉಳಿದದ್ದು ಒಂದೇ, ಕಿವಿಯಲ್ಲಿ ಐದು ಎಂಬ ಹಳದಿ ಚೀಟಿ ಇದ್ದ ಹೋರಿ.

ಐದನೆಯದು ಎಂಟರಲ್ಲೂ ದೊಡ್ಡದು. ಅರ್ಬಾಬನಿಗೆ ಅದರ ಮೇಲೆ ಆಸೆ. ಅದು ಕಾಣಿಸಿದ ಕೂಡಲೇ ಅವನು ಕುರ್ಚಿಯಿಂದ ಎದ್ದು ಬಂದ. ಅದು ಕಟಕಟೆಯೊಳಗೆ ಹೋದದ್ದೇ ಸರಿ, ಕಬ್ಬಿಣವೆಲ್ಲ ಗಡಗಡ ಎಂದು ನಡುಗಲಾರಂಭಿಸಿತು. ಸ್ಪಂದನಾ ಕೈ ಇಟ್ಟಲ್ಲಿ ಅದು ಇರಲಿಲ್ಲ, ಅದು ಇದ್ದಲ್ಲಿ ಅವಳ ಕೈ ಇರಲಿಲ್ಲ. ಟೀವಿಯಲ್ಲಿ ಮೋಡ ಹರಿದು ಚಿಂದಿಯಾಗುತ್ತಿತ್ತು. ಒಂದು ಸಲ ಎಣ್ಣೆಯ ಬಾಟಲಿ ಹಾರಿ ಶರೀಫ್‌ನ ಅಂಗಿಯ ಮೇಲೆ ಚೆಲ್ಲಿತು.

"ಚಿತ್ರ ಸಿಗದಿದ್ರೆ ಏನಾಗ್ತದೆ?" ಎಂದು ನಾನು ಕೇಳಿದೆ.

"ಚಿತ್ರ ಇಲ್ಲಾಂದ್ರೆ ಇದು ಲೆಕ್ಕಕ್ಕಿಲ್ಲ ಆಂಟಿ. ಇದನ್ನ ಬಿಟ್ಟು ಮಿಕ್ಕಿದ್ದರಲ್ಲೇ ಆರಿಸ್ಬೇಕು," ಎಂದು ಸ್ಪಂದನಾ ಬೆವರು ಒರೆಸಿಕೊಂಡಳು.

ನಾನು ಒಳಗೊಳಗೇ ಕೈ ಮುಗಿದೆ. ಒದಿ, ಇನ್ನೂ ಒದಿ, ದೇವರು ನಿನಗೆ ಒಳ್ಳೆಯದು ಮಾಡಲಿ ಎಂದು ಹೇಳಿಕೊಂಡೆ. ಅಷ್ಟರಲ್ಲಿ ಸ್ಪಂದನಾ ರುಕಿಯಮ್ಮನ ಕಡೆ ತಿರುಗಿದಳು.

"ಆಂಟಿ, ಇವು ನಿಮ್ಮ ಮಾತು ಕೇಳ್ತಾವೆ. ಸ್ವಲ್ಪ ಇದರ ಮುಂದೆ ಬಂದು ನಿಂತ್ಕೋತೀರಾ?"

ನಾನು ರುಕಿಯಮ್ಮನ ಮಣಿಕಟ್ಟು ಹಿಡಿದೆ. ತುಳುವಿನಲ್ಲಿ ಹೇಳಿದೆ, ಸ್ಪಂದನಾಳಿಗೆ ತಿಳಿಯದ ಹಾಗೆ. "ಹೋಗಬೇಡ. ಕಾಲು ನೋವು ಅಂತ ಹೇಳು."

"ಅದು ನಡುಗ್ತಾ ಉಂಟು, ನೋಡು."

"ನಡುಗಲಿ. ಇನ್ನು ಸ್ವಲ್ಪ ಹೊತ್ತು ನಡುಗಿದ್ರೆ ಮೋನು ಉಳಿದ. ನೀನು ಹೋಗಿ ಅದನ್ನು ನಿಲ್ಲಿಸಿದ್ರೆ..."

"ಗೊತ್ತುಂಟು."

ಬೇಲಿಯ ಆಚೆ ಮೋನು ಎಣ್ಣೆ ಹಚ್ಚಿದ ಬೆನ್ನನ್ನು ಕಂಬಕ್ಕೆ ಉಜ್ಜುತ್ತಿತ್ತು. ಅವಳು ಅದನ್ನು ನೋಡಿದಳು. ಕಟಕಟೆಯೊಳಗಿನ ದೊಡ್ಡ ಹೋರಿಯನ್ನು ನೋಡಿದಳು. ಅದರ ಕಣ್ಣಿನ ಬಿಳಿ ಹೊರಗೆ ಬಂದಿತ್ತು, ಬಾಯಿಂದ ನೊರೆ ಇಳಿಯುತ್ತಿತ್ತು.

"ಇದನ್ನು ಹೀಗೆ ನಡುಗಲಿಕ್ಕೆ ಬಿಟ್ಟು ಅವನನ್ನು ಪಾಸು ಮಾಡಿಸುವುದಾ? ಬೇಡ ರಾಜೀವಿ. ಇದಕ್ಕೆ ಯಾರೂ ಇಲ್ಲ," ಎಂದು ನನ್ನ ಕೈಯನ್ನು ಮೆಲ್ಲನೆ ಬಿಡಿಸಿಕೊಂಡಳು.

ಹೋದಳು. ಕಟಕಟೆಯ ಮುಂದೆ ನಿಂತು ಮೊದಲು ಏನೂ ಮಾಡಲಿಲ್ಲ, ತನ್ನ ವಾಸನೆ ಅದಕ್ಕೆ ಸಿಗುವವರೆಗೆ ಕಾದಳು. ಆಮೇಲೆ ಗದ್ದದ ಕೆಳಗೆ ಕೈ ಹಾಕಿ ತುರಿಸಿದಳು. ಬ್ಯಾರಿಯಲ್ಲಿ ಏನೇನೋ ಹೇಳುತ್ತಿದ್ದಳು. ನನಗೆ 'ಕೊಡೆ' ಎಂಬ ಒಂದೇ ಮಾತು ತಿಳಿಯಿತು. ಗಂಡನ ಕಥೆ ಹೇಳುತ್ತಿದ್ದಳೋ ಏನೋ. ಗಡಗಡ ಶಬ್ದ ಕಡಿಮೆಯಾಯಿತು, ನಿಂತಿತು. ಹೋರಿ ಒಂದು ದೊಡ್ಡ ಉಸಿರು ಬಿಟ್ಟು ಅವಳ ತೋಳಿನ ಮೇಲೆ ತಲೆಯ ಭಾರ ಹಾಕಿತು.

"ಸಿಕ್ತು!" ಎಂದಳು ಸ್ಪಂದನಾ.

ಟೀವಿಯ ಮುಂದೆ ಅವಳೂ ಅರ್ಬಾಬನೂ ಬಗ್ಗಿದರು. ಸ್ಪಂದನಾ ಮೊಟ್ಟೆಯ ಸುತ್ತ ಗೆರೆ ಎಳೆದಳು. ಗೆರೆ ಮುಗಿಯುವುದೇ ಇಲ್ಲವೇನೋ ಎನ್ನುವಷ್ಟು ದೊಡ್ಡ ಸುತ್ತು. ಈ ಸಲ ನನಗೂ ಮೋಡವಲ್ಲ, ಮೊಟ್ಟೆಯೇ ಕಂಡಿತು.

"ಕಣ್ಣು ಮೋನುಗಿಂತ ದೊಡ್ಡದಿದೆ," ಎಂದು ಸ್ಪಂದನಾ ಮೆಲ್ಲನೆ ಹೇಳಿದಳು. ಅವಳಿಗೂ ಆಗಲೇ ಅದರ ಹೆಸರು ಬಾಯಿಗೆ ಬಂದಿತ್ತು.

ರುಕಿಯಮ್ಮನ ಕೈ ಐದನೆಯದರ ಗದ್ದದಿಂದ ಕದಲಲಿಲ್ಲ, ತುರಿಸುವುದನ್ನು ನಿಲ್ಲಿಸಲೂ ಇಲ್ಲ.

"ಆದ್ರೆ..." ಎಂದು ಸ್ಪಂದನಾ ಬಿಳಿ ಗೆರೆಯ ಮೇಲೆ ಬೆರಳಿಟ್ಟಳು. "ಇಷ್ಟು ಚಿಕ್ಕ ವಯಸ್ಸಿಗೆ ಇದಕ್ಕೆ ಕೊಬ್ಬು ತುಂಬಾ ಜಾಸ್ತಿ."

"ಅದು ಒದೆಯುವಾಗಲೇ ಗೊತ್ತಾಗಿತ್ತು," ಎಂದೆ ನಾನು.

ಸ್ಪಂದನಾ ನಗು ನುಂಗಿಕೊಂಡು ಅರ್ಬಾಬನಿಗೆ ಹಿಂದಿಯಲ್ಲಿ ವಿವರಿಸಿದಳು. ಐದನೆಯದು ತಿಂದದ್ದರಲ್ಲಿ ಹೆಚ್ಚಿನದು ಚರ್ಮದ ಕೆಳಗೆ ಕೊಬ್ಬಾಗಿ ಕೂರುತ್ತದೆ, ಕಡಿದಾಗ ಅದನ್ನು ಕೆತ್ತಿ ಎಸೆಯಬೇಕು. ಮೋನುವಿನ ಕಣ್ಣು ಇದಕ್ಕಿಂತ ಕೂದಲೆಳೆಯಷ್ಟು ಸಣ್ಣದು, ಆದರೆ ಮೇಲೆ ಕೊಬ್ಬು ತೆಳು, ಒಳಗೆ ಚುಕ್ಕಿಗಳು ನವಿರಾಗಿ ಹರಡಿವೆ. ತನ್ನ ಮಟ್ಟಿಗೆ ಮೋನುವೇ ಸರಿ, ಆದರೆ ಅಂತರ ಕಡಿಮೆ, ಆರಿಸುವುದು ಯಜಮಾನರಿಗೆ ಬಿಟ್ಟದ್ದು ಎಂದಳು.

ಅರ್ಬಾಬ್ ಗಡ್ಡ ಸವರಿಕೊಂಡ. ದೊಡ್ಡದರ ಮೇಲಿನ ಆಸೆ ಒಂದು ಚಿತ್ರದಿಂದ ಹೋಗುತ್ತದೆಯೇ? ಎರಡನ್ನೂ ಹೊರಗೆ ಬಿಡಿ, ನಡೆಯುವುದನ್ನು ನೋಡಬೇಕು ಎಂದ.

ಕಟಕಟೆ ತೆರೆದದ್ದೇ ತಡ, ಐದನೆಯದು ಬಾಣದ ಹಾಗೆ ಹಾರಿ ಎದುರಿನ ಬೇಲಿಗೆ ಗುದ್ದಿತು. ಬೇಲಿ ಬಗ್ಗಿತು. ಅರ್ಬಾಬ್ ತನ್ನ ಬಿಳಿ ನಿಲುವಂಗಿ ಎತ್ತಿ ಹಿಡಿದು, ಅಷ್ಟು ದೊಡ್ಡ ಹೊಟ್ಟೆಯೊಂದಿಗೆ ಕುರ್ಚಿಯ ಹಿಂದಕ್ಕೆ ಜಿಗಿದ. ಮೋನುವಿನ ಗೇಟು ತೆರೆದಾಗ ಅದು ಎಡಬಲ ನೋಡಿ, ರುಕಿಯಮ್ಮನನ್ನು ಹುಡುಕಿಕೊಂಡು ಬಂದು, ಅವಳ ಹಿಂದೆ ಹೆಜ್ಜೆ ಹಾಕಿತು. ಅವಳು ನಿಂತರೆ ನಿಂತಿತು, ನಡೆದರೆ ನಡೆಯಿತು. ಹಗ್ಗವೂ ಇರಲಿಲ್ಲ.

"ಸ್ವಭಾವಾನೂ ಕರುಗಳಿಗೆ ಬರುತ್ತೆ," ಎಂದು ಸ್ಪಂದನಾ ಮೆಲ್ಲನೆ ಹಿಂದಿಯಲ್ಲಿ ಸೇರಿಸಿದಳು.

ಅರ್ಬಾಬ್ ಕುರ್ಚಿಯ ಹಿಂದಿನಿಂದಲೇ ಮೋನುವಿನ ಕಡೆ ಕೈ ಮಾಡಿದ. "ಹಾದಾ," ಎಂದ. ಇದೇ ಎಂದು.

ಅಷ್ಟು ಅರಬ್ಬಿ ರುಕಿಯಮ್ಮನಿಗೆ ಬರುತ್ತಿತ್ತು. ಅವಳು ಮೋನುವಿನ ಎಣ್ಣೆ ಬೆನ್ನಿಗೆ ಮುಖ ಒತ್ತಿ ನಿಂತುಬಿಟ್ಟಳು. ಎತ್ತಿದಾಗ ಮೂಗಿನ ತುದಿಯಿಂದ ಹಣೆಯವರೆಗೆ ಅಡುಗೆ ಎಣ್ಣೆ.

"ಅಲ್ಲ ಮಗಳೇ," ಎಂದು ಸೆರಗಿನಿಂದ ಒರೆಸಿಕೊಳ್ಳುತ್ತ ಸ್ಪಂದನಾಳನ್ನು ಕೇಳಿದಳು, "ಕೊಬ್ಬು ತೆಳು ಆದದ್ದು ನಾವು ನಡೆಸಿದ್ದಕ್ಕಾ?"

"ಅಷ್ಟಕ್ಕೆಲ್ಲ ಕರಗಲ್ಲ ಆಂಟಿ. ಅದು ಅವನ ಅಪ್ಪನ ಕಡೆಯಿಂದ ಬಂದಿದ್ದು. ನಡೆದಿದ್ದಕ್ಕೆ ಏನಾದ್ರೂ ಕರಗಿದ್ರೆ ನಿಮ್ಮದೇ."

ಶರೀಫ್ ಉಳಿದ ಹೋರಿಗಳನ್ನು ಒಂದು ಕಡೆ ಕೂಡಿಸಲು ಹೇಳುತ್ತಿದ್ದ. ರುಕಿಯಮ್ಮ ಚೀಲ ಕೊಡವಿದಳು. ತಳದಲ್ಲಿ ಇನ್ನೂ ನಾಲ್ಕಾರು ಖರ್ಜೂರ ಸಿಕ್ಕಿದವು. ಬಗ್ಗಿದ ಬೇಲಿಯ ಹತ್ತಿರ ಹೋಗಿ ಅದನ್ನು ಐದನೆಯದಕ್ಕೆ ಕೊಟ್ಟಳು.

"ಉಮ್ಮಾ, ಅದು..." ಎಂದ ಶರೀಫ್.

"ಗೊತ್ತುಂಟು. ತಿನ್ನಲಿ."

ಅದು ತಿಂದು ಮುಗಿಸುವವರೆಗೆ ಯಾರೂ ಅವಳನ್ನು ಕರೆಯಲಿಲ್ಲ.

ಆಮೇಲೆ ಅವಳು ಮೋನುವಿನ ಪಕ್ಕದಲ್ಲಿ ನನ್ನ ಜೊತೆ ಬಂದು ಕುಳಿತಳು. ಎದುರಿನ ಆವರಣದಲ್ಲಿ ಹರೆಯದ ಹಸುಗಳು ಮೆಲುಕು ಹಾಕುತ್ತಿದ್ದವು. ಅವಳ ಕಣ್ಣು ಕಿರಿದಾಗುವುದನ್ನು ನಾನು ನೋಡಿದೆ. ಅವಳು ಮಗನಿಗೆ ಹೆಣ್ಣು ಹುಡುಕುವಾಗಲೂ ಇದೇ ಕಣ್ಣು ಇದ್ದಿರಬೇಕು.

"ಆ ಕರಿಯದು ಬೇಡ," ಎಂದಳು. "ನಡೆಯುವಾಗ ಇಡೀ ದಾರಿ ತನಗೇ ಬೇಕು ಅನ್ನುವ ಹಾಗೆ ನಡೀತದೆ."

"ದೊಡ್ಡ ಮನೆತನದ್ದು ಇರಬೇಕು," ಎಂದೆ. "ನಿಮ್ಮ ಹುಡುಗ ಏನು ಕಡಿಮೆ? ಈಗಷ್ಟೇ ಮೆಡಿಕಲ್ ಪಾಸಾದವ ಅಂತ ಇಷ್ಟು ಜಂಬವಾ?"

"ಓ! ನೀನು ಈಗಲೇ ಹೆಣ್ಣಿನ ಕಡೆಯವಳಾದಿಯಾ?"

"ಮತ್ತೆ? ಹೆಣ್ಣಿನ ಕಡೆಗೆ ಮಾತಾಡ್ಲಿಕ್ಕೆ ಇಲ್ಲಿ ಬೇರೆ ಯಾರಿದ್ದಾರೆ? ನಾವು ಹುಡುಗನ ಬೆನ್ನು ಮಾತ್ರ ನೋಡಿದ್ದು. ಹಲ್ಲು ನೋಡ್ಲಿಲ್ಲ."

"ಅಂಥ ಹಲ್ಲು ನಿಮ್ಮ ಕಡೆ ಯಾರಿಗೂ ಇಲ್ಲ!"

ಮಾತು ಬಿಳಿಕಾಲಿನ ಒಂದು ಹಸುವಿನ ಹತ್ತಿರ ಬಂದು ಜಗಳಕ್ಕೆ ನಿಂತಿತು. ಶರೀಫ್ ಪಿಕಪ್‌ನಲ್ಲಿ ಕುಳಿತು ಹಾರ್ನ್ ಹೊಡೆದ. ರುಕಿಯಮ್ಮ ಎದ್ದಳು. ಹೆಣ್ಣಿನ ಕಡೆಯವರು ಅಷ್ಟು ಬೇಗ ಏಳುವುದು ಚೆಂದವಲ್ಲ ಎಂದು ನಾನು ಇನ್ನೂ ಸ್ವಲ್ಪ ಹೊತ್ತು ಕುಳಿತೇ ಇದ್ದೆ.